ಹಡ್ಸನ್ ಕೊಲ್ಲಿಯ ಸೂಲಗಿತ್ತಿಯರು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗಕ್ಕೆ ನುನಾವಿಕ್ ಎಂದು ಹೆಸರು. ಆರ್ಕ್ಟಿಕ್ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನರ ನಾಡು, ಒಟ್ಟು 14 ಹಳ್ಳಿ. ಅದರಲ್ಲಿ ಪುವಿರ್ನಿಟುಕ್ ಎಂಬುದು ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯಲ್ಲಿದೆ. ದಕ್ಷಿಣದಿಂದ ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಮಾಂಟ್ರಿಯಲ್ ನಗರಕ್ಕೆ ಆಕಾಶಮಾರ್ಗವಾಗಿಯೇ ಸುಮಾರು 1,600 ಕಿಲೋಮೀಟರು. 1986ರಲ್ಲಿ ಈ ಹಳ್ಳಿಯಲ್ಲಿ ಒಂದು ಹೆರಿಗೆ ಕೇಂದ್ರ ಶುರುವಾಯಿತು. ಸಿಸೇರಿಯನ್ ಮಾಡುವ ಅನುಕೂಲ ಅಲ್ಲಿರಲಿಲ್ಲ, ಮುಂದಿನ ದಶಕಗಳಲ್ಲೂ ಬರಲಿಲ್ಲ. ಹೆರಿಗೆ ಮಾಡಿಸುವವರಲ್ಲಿ ಹೆಚ್ಚಿನವರು ಆ ಸೀಮೆಯ ಇನುಯಿಟ್ ಹೆಂಗಸರೇ, ಅಲ್ಲಿಯೇ ಕೆಲಸ ಕಲಿತವರು.

ಇಷ್ಟು ಕೇಳಿದರೆ ಯಾವ ಪ್ರಸೂತಿ ತಜ್ಞರಾದರೂ ಹುಬ್ಬು ಗಂಟಿಕ್ಕುತ್ತಾರೆ. ಅದು ಸಹಜ. ಹಾಗಾಗಿ ಮೊದಲು ಲೆಕ್ಕ ನೋಡಿಬಿಡೋಣ. 2000ದಿಂದ 2007ರವರೆಗೆ ಈ ಸೇವೆಯಡಿ ಬಂದ 1,372 ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನೂರಕ್ಕೆ 86 ಹೆರಿಗೆಗಳು ನುನಾವಿಕ್‌ನಲ್ಲೇ ಆಗಿದ್ದವು. ದಾಖಲೆ ಸಿಕ್ಕವುಗಳಲ್ಲಿ ನೂರಕ್ಕೆ 97 ಸಹಜ ಹೆರಿಗೆ. ಕೆನಡಾದ ಉಳಿದ ಭಾಗದಲ್ಲಿ ಆ ಹೊತ್ತಿಗೆ ನಾಲ್ವರಲ್ಲಿ ಒಬ್ಬ ತಾಯಿಗೆ ಸಿಸೇರಿಯನ್ ಆಗುತ್ತಿತ್ತು. ಇಲ್ಲೊಂದು ಎಚ್ಚರಿಕೆ ಬೇಕು: ಇಲ್ಲಿನ ತಾಯಂದಿರು ಹರೆಯದವರು, ಹೆಚ್ಚಿನವರಿಗೆ ಇದು ಎರಡನೆಯದೋ ಮೂರನೆಯದೋ ಹೆರಿಗೆ. ಅಂಥವರಲ್ಲಿ ಸಿಸೇರಿಯನ್ ಹೇಗೂ ಕಡಿಮೆ. ಇನ್ನೊಂದು ಕಡೆಯಿಂದ ನೋಡಿದರೆ ದಿನ ತುಂಬದ ಹೆರಿಗೆ ಇಲ್ಲಿ ನೂರಕ್ಕೆ 10.6, ಅಂದರೆ ದೇಶದ ಸರಾಸರಿಗಿಂತ ಹೆಚ್ಚು. ಕಡಿಮೆ ಅಪಾಯದ ಬಸುರಿಯರನ್ನಷ್ಟೇ ಆರಿಸಿಕೊಂಡು ಮಾಡಿದ ಲೆಕ್ಕ ಇದಲ್ಲ.

ಮೂಲನಿವಾಸಿ ಹೆಂಗಸರ ಆರೋಗ್ಯದ ಮಾತು ಬಂದಾಗಲೆಲ್ಲ ಬಡತನ, ಅಜ್ಞಾನ, ದೂರ ಎಂಬ ಮೂರು ಕಾರಣಗಳನ್ನು ಮುಂದಿಡುವುದು ರೂಢಿ. ನುನಾವಿಕ್‌ನ ಕತೆಯಲ್ಲಿ ದೂರ ಹಾಗೆಯೇ ಇದೆ, ಬಡತನವೂ ಇದೆ. ಬದಲಾಗಿದ್ದು ತೀರ್ಮಾನ ಯಾರದು ಎಂಬುದು. ನನ್ನ ವಾದ ಇಷ್ಟೇ: ವಸಾಹತು ಆಡಳಿತ ಮೊದಲು ಆ ಜನರ ಕೈಯಿಂದ ಕಸುಬು ಕಿತ್ತುಕೊಂಡಿತು, ಆಮೇಲೆ ‘ನಿಮ್ಮಲ್ಲಿ ಕಸುಬು ಬಲ್ಲವರಿಲ್ಲ’ ಎಂಬುದನ್ನೇ ಕಾರಣ ಮಾಡಿ ಅವರನ್ನು ಊರು ಬಿಡಿಸಿತು.

ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಎರಡನೇ ಮಹಾಯುದ್ಧದ ತನಕ ಇನುಯಿಟ್ ಕುಟುಂಬಗಳು ಸೀಲ್ ಎಂಬ ಕಡಲಪ್ರಾಣಿ, ಕ್ಯಾರಿಬೂ ಎಂಬ ಹಿಮಸಾರಂಗದ ಹಿಂಡುಗಳ ಹಿಂದೆ ಬಿಡಾರ ಬದಲಿಸುತ್ತ ಬದುಕುತ್ತಿದ್ದವು. ಹೆರಿಗೆ ಬಿಡಾರದಲ್ಲೇ. ಬಸುರಿ ಮಂಡಿಯೂರಿಯೋ ಕುಕ್ಕರಗಾಲಲ್ಲೋ ಕೂತು ಹೆರುತ್ತಿದ್ದಳು. ಬೆಳಗ್ಗೆ ಎಚ್ಚರವಾದ ತಕ್ಷಣ ಎದ್ದು ಹೊರಗೆ ಹೋಗಬೇಕು, ಸೋಮಾರಿಯಾಗಿ ಕೂರಬಾರದು ಎಂಬಂಥ ಕಟ್ಟಳೆಗಳಿದ್ದವು. ಹೊಕ್ಕುಳಬಳ್ಳಿ ಕತ್ತರಿಸಿದವಳು ಆ ಕೂಸಿಗೆ ‘ಸನಜಿ’ ಆಗುತ್ತಾಳೆ. ಆ ನಂಟು ಜೀವನಪೂರ್ತಿ. ಹುಡುಗ ಮೊದಲು ಹೊಡೆದ ಬೇಟೆ ಸನಜಿಗೆ ಸಲ್ಲಬೇಕು, ಹುಡುಗಿ ಮೊದಲು ಹೊಲಿದದ್ದೂ ಅವಳಿಗೇ. ಹೆರಿಗೆ ಎಂಬುದು ಅಲ್ಲಿ ಒಂದು ಹೊಸ ಸಂಬಂಧ ಹುಟ್ಟುವ ಜಾಗವೂ ಆಗಿತ್ತು. ತಾಯಿ ಮಾಂಟ್ರಿಯಲ್‌ನಲ್ಲಿ ಹೆತ್ತರೆ ಬಳ್ಳಿ ಕತ್ತರಿಸಿದವರು ಯಾರು? ಪಾಳಿ ಮುಗಿಸಿ ಮನೆಗೆ ಹೋದ ಯಾರೋ ವೈದ್ಯರು.

ಸರ್ಕಾರ ಬಂದದ್ದು ಬೇರೆ ಬೇರೆ ವೇಷದಲ್ಲಿ. 1940ರ ದಶಕದಲ್ಲಿ ಹೆಸರಿನ ಬದಲು ಸಂಖ್ಯೆ ಕೆತ್ತಿದ ಬಿಲ್ಲೆಗಳನ್ನು ಕೊಟ್ಟರು. 1945ರಲ್ಲಿ ದೇಶದ ಎಲ್ಲ ತಾಯಂದಿರಿಗೂ ಮಕ್ಕಳ ಭತ್ಯೆ ಶುರುವಾದಾಗ ಇನುಯಿಟ್ ತಾಯಂದಿರಿಗೆ ಅದನ್ನು ನಗದಾಗಿ ಕೊಡಲಿಲ್ಲ. ವ್ಯಾಪಾರಿಯ ಅಂಗಡಿಯಲ್ಲಿ, ಸರ್ಕಾರ ಒಪ್ಪಿದ ಪಟ್ಟಿಯ ಸಾಮಾನಾಗಿ ಕೊಟ್ಟರು. ಡಬ್ಬಿ ಹಾಲು, ಕೂಸಿಗೆ ತಿನ್ನಿಸುವ ಹಿಟ್ಟು ಆ ಪಟ್ಟಿಯಲ್ಲಿದ್ದವು. ಎರಡು ಮೂರು ವರ್ಷ ಮೊಲೆಯೂಡುತ್ತಿದ್ದ ಸಮಾಜಕ್ಕೆ ಬಾಟಲಿ ಹಾಲು ಹೊಕ್ಕ ದಾರಿಗಳಲ್ಲಿ ಇದೂ ಒಂದು. 1953ರಲ್ಲಿ ನುನಾವಿಕ್‌ನ ಇನುಕ್ಜುವಾಕ್ ಹಳ್ಳಿಯ ಕುಟುಂಬಗಳನ್ನು ಇನ್ನೂ ಎರಡು ಸಾವಿರ ಕಿಲೋಮೀಟರು ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯ ಕಾಣದ ದ್ವೀಪಗಳಿಗೆ ಸಾಗಿಸಿದರು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಆಮೇಲೆ ಕ್ಷಯ. 1950ರಿಂದ ಸಿ.ಡಿ. ಹೋವ್ ಎಂಬ ಹಡಗು ಬೇಸಿಗೆಯಲ್ಲಿ ಒಂದೊಂದೇ ಹಳ್ಳಿಯ ಎದುರು ಲಂಗರು ಹಾಕುತ್ತಿತ್ತು. ಜನ ಹಡಗು ಹತ್ತಿ ಎದೆಯ ಎಕ್ಸ್-ರೇ ತೆಗೆಸಿಕೊಳ್ಳಬೇಕು. ಕ್ಷಯವಿದೆ ಎಂದಾದರೆ ಹಲವರಿಗೆ ದಡಕ್ಕೆ ಹೋಗಿ ಮಕ್ಕಳ ಮುಖ ನೋಡಿ ಬರಲೂ ಬಿಡಲಿಲ್ಲ. ಹಾಗೆಯೇ ದಕ್ಷಿಣದ ಸ್ಯಾನಟೋರಿಯಮ್‌ಗಳಿಗೆ ಒಯ್ದರು. 1950ರ ದಶಕದ ನಡುವೆ ಏಳು ಮಂದಿ ಇನುಯಿಟ್ ಜನರಲ್ಲಿ ಒಬ್ಬರು ಹೀಗೆ ದಕ್ಷಿಣದ ಆಸ್ಪತ್ರೆಯಲ್ಲಿದ್ದರು. ಸತ್ತವರನ್ನು ಅಲ್ಲೇ ಹೂತರು. ಎಷ್ಟೋ ಮನೆಗಳಿಗೆ ಸುದ್ದಿಯೂ ತಲುಪಲಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಉತ್ತರದ ಇನುಯಿಟ್ ಪಟ್ಟಣವಾದ ಇಕಾಲುಯಿತ್‌ಗೆ ಬಂದು ಕ್ಷಮೆ ಕೇಳಿದರು. ಹೆರಿಗೆಯ ಕತೆಗೆ ಇದು ಯಾಕೆ ಬೇಕೆಂದರೆ, ದಕ್ಷಿಣದ ಆಸ್ಪತ್ರೆಗೆ ವಿಮಾನ ಹತ್ತಬೇಕು ಎಂದಾಗ ಆ ಹೆಂಗಸರ ಅಜ್ಜಿಯರಿಗೆ ನೆನಪಾಗುತ್ತಿದ್ದದ್ದು ಆ ಹಡಗು. ಹೋದವರು ಬಾರದೇ ಹೋದದ್ದನ್ನು ಕಂಡವರು ಅವರು.

ಹಳ್ಳಿಗಳಲ್ಲಿ ಸರ್ಕಾರ ಕಟ್ಟಿದ ನರ್ಸಿಂಗ್ ಠಾಣೆಗಳಲ್ಲಿ ಮೊದಮೊದಲು ಹೆರಿಗೆಗಳು ನಡೆಯುತ್ತಿದ್ದವು. ಅಲ್ಲಿದ್ದ ನರ್ಸ್‌ಗಳಲ್ಲಿ ಅನೇಕರು ಬ್ರಿಟನ್ನಿನಲ್ಲಿ ಸೂಲಗಿತ್ತಿ ತರಬೇತಿ ಪಡೆದು ಬಂದವರು. ಊರಿನ ಹಿರಿಯ ಹೆಂಗಸರೂ ಪಕ್ಕದಲ್ಲಿರುತ್ತಿದ್ದರು. 1970ರ ದಶಕದಲ್ಲಿ ಗಾಳಿ ತಿರುಗಿತು. ಹೆರಿಗೆ ಎಂದರೆ ಆಸ್ಪತ್ರೆಯಲ್ಲೇ ಎಂಬ ನೀತಿ ಗಟ್ಟಿಯಾಯಿತು. ಕೆನಡಾದಲ್ಲಿ ಆಗ ಸೂಲಗಿತ್ತಿಯ ಕಸುಬಿಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ಹಾಗಾಗಿ ಬ್ರಿಟನ್ನಿನವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಬಂದವರಿಗೆ ಹೆರಿಗೆ ಮಾಡಿಸಿ ಅಭ್ಯಾಸವಿರಲಿಲ್ಲ. ಹಡ್ಸನ್ ದಂಡೆಯ ಬಸುರಿಯರನ್ನು ಸಾವಿರ ಕಿಲೋಮೀಟರು ದೂರದ ಮೂಸ್ ಫ್ಯಾಕ್ಟರಿ ಎಂಬ ಊರಿನ ಆಸ್ಪತ್ರೆಗೋ ಇನ್ನೂ ದೂರದ ಮಾಂಟ್ರಿಯಲ್‌ಗೋ ಕಳಿಸುವುದು ನಿಯಮವಾಯಿತು.

ನೀತಿಗೆ ಕೊಟ್ಟ ಕಾರಣ ಶಿಶುಮರಣ. ಅದು ಭಯಂಕರವಾಗಿತ್ತು, ಸುಳ್ಳಲ್ಲ. ಆದರೆ ಸತ್ತ ಕೂಸುಗಳಲ್ಲಿ ದೊಡ್ಡ ಪಾಲು ಹುಟ್ಟಿದ ಮೊದಲ ತಿಂಗಳು ಕಳೆದ ಮೇಲೆ, ನ್ಯುಮೋನಿಯಾದಂಥ ಉಸಿರಾಟದ ಸೋಂಕಿನಿಂದ ಸತ್ತದ್ದು. ಕಿಕ್ಕಿರಿದ, ಗಾಳಿಯಾಡದ ಸಣ್ಣ ಸರ್ಕಾರಿ ಮನೆ, ಕ್ಷಯ, ಬಾಟಲಿ ಹಾಲು ಇವೇ ಅದರ ಬೇರು. ತಾಯಿಯನ್ನು ವಿಮಾನದಲ್ಲಿ ಕಳಿಸಿದರೆ ಮನೆಯ ಗೋಡೆ ಅಗಲವಾಗುವುದಿಲ್ಲ.

ಕಳಿಸುವುದು ಎಂದರೆ ಏನೆಂದು ಸ್ವಲ್ಪ ವಿವರವಾಗಿ ನೋಡಬೇಕು. ಬಸುರಿಗೆ 36ರಿಂದ 38 ವಾರ ತುಂಬುವಾಗ ವಿಮಾನ. ಯಾಕೆಂದರೆ ಅದಕ್ಕಿಂತ ತಡವಾದರೆ ವಿಮಾನದಲ್ಲೇ ನೋವು ಬರಬಹುದು. ಹೆರಿಗೆ 40ನೇ ವಾರಕ್ಕೋ 41ಕ್ಕೋ ಆದರೆ ಎರಡರಿಂದ ಐದು ವಾರ ಪರವೂರಿನ ಬೋರ್ಡಿಂಗ್ ಮನೆಯಲ್ಲಿ ಕಾಯುವುದು. ಜೊತೆಗೆ ಗಂಡನಿಲ್ಲ, ತಾಯಿಯಿಲ್ಲ. ಜೊತೆಗಾರರೊಬ್ಬರ ಖರ್ಚನ್ನು ಎಲ್ಲ ಮೂಲನಿವಾಸಿ ಬಸುರಿಯರಿಗೂ ಕೊಡುತ್ತೇವೆಂದು ಕೆನಡಾ ಸರ್ಕಾರ ಒಪ್ಪಿದ್ದು 2017ರಲ್ಲಿ. ಆಸ್ಪತ್ರೆಯಲ್ಲಿ ಅವರ ಭಾಷೆಯಾದ ಇನುಕ್ಟಿಟುಟ್ ಮಾತಾಡುವವರಿಲ್ಲ. ತಿನ್ನಲು ಸೀಲ್ ಮಾಂಸವಿಲ್ಲ, ಆರ್ಕ್ಟಿಕ್ ಚಾರ್ ಮೀನಿಲ್ಲ. ಊರಲ್ಲಿ ಬಿಟ್ಟು ಬಂದ ಮೂರು ವರ್ಷದ ಮಗು ಯಾರದೋ ಮನೆಯಲ್ಲಿ. ಅದನ್ನು ನೋಡಿಕೊಳ್ಳಲು ಗಂಡ ಬೇಟೆ ಬಿಡಬೇಕು, ಬೇಟೆ ಬಿಟ್ಟರೆ ಅಂಗಡಿಯ ದುಬಾರಿ ಡಬ್ಬಿ ಊಟ. ಚೊಚ್ಚಲ ಹೆರಿಗೆಗೆಂದು ಹುಡುಗಿ ಊರು ಬಿಡುವುದು ನಮಗೂ ಗೊತ್ತು. ಆದರೆ ಅವಳು ಹೋಗುವುದು ತವರಿಗೆ. ಇಲ್ಲಿ ಇಡೀ ತವರನ್ನು ಬಿಟ್ಟು ಹೋಗಬೇಕು.

ಹೆಂಗಸರು ಸುಮ್ಮನೆ ಒಪ್ಪಿಕೊಂಡರು ಎಂದಲ್ಲ. ಮುಟ್ಟಿನ ದಿನ ತಪ್ಪಾಗಿ ಹೇಳಿದರು, ಬಸಿರನ್ನು ಐದಾರು ತಿಂಗಳು ಮುಚ್ಚಿಟ್ಟರು, ವಿಮಾನದ ದಿನ ಎಲ್ಲೋ ಹೋಗಿಬಿಟ್ಟರು, ನೋವು ಜೋರಾದ ಮೇಲೆಯೇ ಠಾಣೆಯ ಬಾಗಿಲು ತಟ್ಟಿದರು. ಇದರಿಂದ ಅಪಾಯ ಹೆಚ್ಚುತ್ತದೆ. ದಿನ ಗೊತ್ತಿಲ್ಲದ ಬಸಿರಿನಲ್ಲಿ ಕೂಸು ಬೆಳೆದಿಲ್ಲವೋ ದಿನವೇ ತುಂಬಿಲ್ಲವೋ ಹೇಳಲಾಗುವುದಿಲ್ಲ. ತಡವಾಗಿ ಬಂದವಳಿಗೆ ರಕ್ತಹೀನತೆ ಸರಿಪಡಿಸಲು ಸಮಯವಿಲ್ಲ. ಅತ್ತ ಠಾಣೆಯಲ್ಲಿದ್ದ ನರ್ಸ್ ವರ್ಷಕ್ಕೊಂದು ಹೆರಿಗೆಯನ್ನೂ ನೋಡಿರುವುದಿಲ್ಲ. ಹೆರಿಗೆ ಮಾಡಿಸುವ ಕೈ ಹೆರಿಗೆ ಮಾಡಿಸುತ್ತಿದ್ದರಷ್ಟೇ ಪಳಗಿರುತ್ತದೆ. ಎಲ್ಲರನ್ನೂ ಕಳಿಸಿದಷ್ಟೂ ಊರಿನ ಕೈ ಮರಗಟ್ಟುತ್ತದೆ. ಆಗ ತಪ್ಪಿ ಊರಲ್ಲೇ ಆದ ಸಾಧಾರಣ ಹೆರಿಗೆಯೂ ತುರ್ತು ಪ್ರಸಂಗವಾಗುತ್ತದೆ. ಆ ತುರ್ತು ಪ್ರಸಂಗವನ್ನೇ ತೋರಿಸಿ ‘ನೋಡಿ, ಇದಕ್ಕೇ ಕಳಿಸಬೇಕು ಎಂದದ್ದು’ ಎನ್ನುತ್ತಾರೆ. ಇಡೀ ನೀತಿಯ ಟೊಳ್ಳು ಇಲ್ಲಿದೆ.

1975ರಲ್ಲಿ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ ಯೋಜನೆಯ ಜಗಳದಿಂದ ಹುಟ್ಟಿದ ಒಪ್ಪಂದವೊಂದು ಆಯಿತು. ಭೂಮಿಯ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಶಾಲೆ, ಆರೋಗ್ಯದಂಥ ಆಡಳಿತ ಇನುಯಿಟ್ ಮಂಡಳಿಗಳಿಗೆ ಬಂತು. ಪುವಿರ್ನಿಟುಕ್ ಮತ್ತು ಇವುಜಿವಿಕ್ ಹಳ್ಳಿಗಳು ಈ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ನೆಲ ಮಾರಲಾರೆವು ಎಂದರು. ಅಷ್ಟು ಹಟದ ಊರೇ ಮುಂದೆ ಹೆರಿಗೆಯನ್ನೂ ಮರಳಿ ಕೇಳಿತು ಎಂಬುದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ಪುವಿರ್ನಿಟುಕ್‌ನಲ್ಲಿ ಇನುಲಿಟ್ಸಿವಿಕ್ ಎಂಬ ಆಸ್ಪತ್ರೆ ಕಟ್ಟುವ ಮಾತು ಬಂದಾಗ ಊರಿನ ಹೆಂಗಸರ ಗುಂಪು, ಹಿರಿಯರು ಕೇಳಿದ್ದು ಒಂದೇ: ಆಸ್ಪತ್ರೆಯಲ್ಲಿ ಹೆರಿಗೆ ಆಗಬೇಕು, ಮಾಡಿಸುವವರು ನಮ್ಮವರಾಗಬೇಕು. ಆಗ ಕ್ವಿಬೆಕ್‌ನಲ್ಲಿ ಸೂಲಗಿತ್ತಿಯ ಕಸುಬು ಕಾನೂನಿನಲ್ಲಿ ಇರಲೇ ಇಲ್ಲ. ಅದು ಬಂದದ್ದು 1999ರಲ್ಲಿ. ಅಂದರೆ ಹದಿಮೂರು ವರ್ಷ ಈ ಕೇಂದ್ರ ಕಾನೂನಿಗಿಂತ ಮುಂದೆ ನಡೆಯಿತು. 1998ರಲ್ಲಿ ಇನುಕ್ಜುವಾಕ್, 2004ರಲ್ಲಿ ಸಲ್ಲುಯಿತ್ ಹಳ್ಳಿಯ ಹೆರಿಗೆ ಕೇಂದ್ರಗಳೂ ಸೇರಿಕೊಂಡವು.

ಕೆಲಸ ನಡೆಯುವ ರೀತಿ ಹೀಗೆ.

ಕಲಿಯುವವಳು ಊರಿನವಳು. ಅವಳನ್ನು ಆರಿಸುವುದರಲ್ಲಿ ಊರಿನ ಮಾತಿಗೂ ಬೆಲೆಯಿದೆ. ದೂರದ ನಗರದ ಕಾಲೇಜಿಗೆ ನಾಲ್ಕು ವರ್ಷ ಹೋಗಬೇಕೆಂದರೆ ಮಕ್ಕಳಿರುವ ಹೆಂಗಸರು ಹೋಗಲಾರರು, ಹೋದ ಹುಡುಗಿಯರಲ್ಲಿ ಕೆಲವರು ಮರಳುವುದಿಲ್ಲ. ಆದ್ದರಿಂದ ತರಬೇತಿ ಅಲ್ಲಿಯೇ, ಕೆಲಸ ಮಾಡುತ್ತಲೇ, ಸಂಬಳ ಪಡೆಯುತ್ತಲೇ. ಮೊದಲ ದಿನದಿಂದ ತಪಾಸಣೆಯ ಕೋಣೆಯಲ್ಲಿ ಇರಬೇಕು. ಇಂತಿಷ್ಟು ವರ್ಷ ಆಯಿತು ಎಂದು ಯಾರೂ ಪಾಸಾಗುವುದಿಲ್ಲ. ಒಂದೊಂದು ಕೌಶಲವನ್ನೂ ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಹೀಗಾಗಿ ಹಲವು ವರ್ಷ ಹಿಡಿಯುತ್ತದೆ. ದಕ್ಷಿಣದಿಂದ ಬಂದ ಸೂಲಗಿತ್ತಿಯರು ಕಲಿಸುತ್ತಾರೆ. ಮೊದಲ ತಲೆಮಾರಿನ ಇನುಯಿಟ್ ಸೂಲಗಿತ್ತಿಯರು ಈಗ ಸ್ವತಃ ಗುರುಗಳು. ತಾಯಿಯೊಡನೆ ಮಾತೆಲ್ಲ ಇನುಕ್ಟಿಟುಟ್‌ನಲ್ಲಿ. ಕೇಸ್ ಶೀಟು ಮಾತ್ರ ಇಂಗ್ಲಿಷ್, ಫ್ರೆಂಚ್.

ವ್ಯವಸ್ಥೆಯ ಬೆನ್ನೆಲುಬು ಒಂದು ಸಮಿತಿ. ಸೂಲಗಿತ್ತಿಯರು, ವೈದ್ಯರು, ನರ್ಸ್‌ಗಳು ವಾರಕ್ಕೊಮ್ಮೆ ಕೂಡುತ್ತಾರೆ. ದೂರದ ಹಳ್ಳಿಯವರು ಫೋನಿನಲ್ಲಿ ಸೇರುತ್ತಾರೆ. ಅಧ್ಯಕ್ಷೆ ಸೂಲಗಿತ್ತಿ. ಪ್ರತಿ ಬಸುರಿಯ ಕಡತವೂ 32ರಿಂದ 34ನೇ ವಾರದಲ್ಲಿ ಈ ಸಮಿತಿಯ ಮುಂದೆ ಬರುತ್ತದೆ. ಎಲ್ಲಿ ಹೆರಬೇಕು, ಯಾರು ಇರಬೇಕು, ಏನಾದರೆ ಏನು ಮಾಡುವುದು ಎಂಬುದನ್ನು ಅಲ್ಲಿ ಬರೆದಿಡುತ್ತಾರೆ. ವೈದ್ಯಕೀಯ ಅಪಾಯವನ್ನಷ್ಟೇ ತೂಗುವುದಿಲ್ಲ. ಹಿಂದಿನ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋಗಿತ್ತು ಎಂಬ ತಾಯಿಯನ್ನು ಆರು ವಾರ ಮಾಂಟ್ರಿಯಲ್‌ನಲ್ಲಿ ಕೂರಿಸಿದರೆ ಊರಲ್ಲಿ ಅವಳ ನಾಲ್ಕು ಮಕ್ಕಳ ಗತಿ ಏನು, ಅವಳು ಬೋರ್ಡಿಂಗ್ ಮನೆಯಿಂದ ಕುಡಿತಕ್ಕೆ ಬೀಳುವ ಭಯವಿದೆಯೇ, ಅವಳ ಇಚ್ಛೆ ಏನು ಎಂಬುದೂ ಅದೇ ತಕ್ಕಡಿಯಲ್ಲಿ ಕೂರುತ್ತದೆ. ಇದನ್ನು ಕೆಲವರು ‘ಭಾವುಕತೆ’ ಎಂದು ಟೀಕಿಸುತ್ತಾರೆ. ವಿಮಾನ ಪ್ರಯಾಣವೂ ಒಂದು ಅಪಾಯ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಳೆಯ ಪದ್ಧತಿಗಿಂತ ಇದು ಹೆಚ್ಚು ಪ್ರಾಮಾಣಿಕ ಗಣಿತ.

ಸಮಿತಿಯ ಮುಂದೆ ಹೋಗುವ ಮೊದಲೇ ಶೋಧನೆ ಆಗಿರಬೇಕು. 18ರಿಂದ 20 ವಾರದಲ್ಲಿ ಅಲ್ಟ್ರಾಸೌಂಡ್: ದಿನದ ಲೆಕ್ಕ ಖಚಿತವಾಗಬೇಕು, ಮಾಸು ಎಲ್ಲಿ ಅಂಟಿದೆ ಗೊತ್ತಾಗಬೇಕು. ಮಾಸು ಗರ್ಭಕೋಶದ ಬಾಯಿಯ ಮೇಲೆಯೇ ಉಳಿದರೆ ಚರ್ಚೆಯೇ ಇಲ್ಲ, ದಕ್ಷಿಣಕ್ಕೆ ಕಳಿಸಬೇಕು. 24ರಿಂದ 28 ವಾರದಲ್ಲಿ 50 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ತಾಸಿಗೆ ಸಕ್ಕರೆ ನೋಡುವುದು. 28ಕ್ಕೆ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆದ ತಾಯಂದಿರಿಗೆ ಆಂಟಿ-ಡಿ ಚುಚ್ಚುಮದ್ದು, 300 ಮೈಕ್ರೋಗ್ರಾಂ. ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಇಳಿಯಬಾರದು. ರಕ್ತದ ಆಸರೆ ದೂರವಿರುವಲ್ಲಿ ಈ ಅಂಕಿ ಆಸ್ಪತ್ರೆಯಲ್ಲಿರುವುದಕ್ಕಿಂತ ಹೆಚ್ಚು ಮುಖ್ಯ. 9 ಇರುವವಳಿಗೆ ಅರ್ಧ ಲೀಟರು ರಕ್ತ ಹೋದರೆ ಅವಳು ಕುಸಿಯಬಹುದು, 12 ಇರುವವಳು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತಾಳೆ. 36ಕ್ಕೆ ಹೊಟ್ಟೆ ಮುಟ್ಟಿ ಕೂಸಿನ ತಲೆ ಕೆಳಗಿದೆಯೇ ಎಂದು ನೋಡುವುದು. ಹೆರಿಗೆ ಕೇಂದ್ರವಿಲ್ಲದ ಹಳ್ಳಿಯವರು 37–38ಕ್ಕೆ ಕೇಂದ್ರವಿರುವ ಹಳ್ಳಿಗೆ ಬರುತ್ತಾರೆ. ಅದೂ ಪ್ರಯಾಣವೇ. ಆದರೆ ಭಾಷೆ ಒಂದೇ, ಊಟ ಒಂದೇ, ಯಾರದಾದರೂ ನೆಂಟರ ಮನೆ ಇರುತ್ತದೆ.

ಹೆರಿಗೆಯ ಹೊತ್ತಿಗೆ ಇಬ್ಬರು ಇರಲೇಬೇಕು: ಒಬ್ಬಳು ತಾಯಿಗೆ, ಒಬ್ಬಳು ಕೂಸಿಗೆ. ರಕ್ತಸ್ರಾವ ಅಲ್ಲಿನ ದೊಡ್ಡ ಭಯ, ಹಾಗಾಗಿ ಅದರ ಅಭ್ಯಾಸವೇ ಹೆಚ್ಚು. ಕೂಸು ಹೊರಬಂದ ಕೂಡಲೆ ತೊಡೆಗೆ ಗರ್ಭಕೋಶ ಬಿಗಿಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದು, 10 ಯೂನಿಟ್. ಮೂತ್ರಕೋಶ ಖಾಲಿಯಿರಬೇಕು, ತುಂಬಿದ್ದರೆ ಗರ್ಭಕೋಶ ಬಿಗಿಯಾಗುವುದಿಲ್ಲ. ತೊಯ್ದ ಬಟ್ಟೆ, ಪ್ಯಾಡುಗಳನ್ನು ತೂಗಿ ಅವುಗಳ ಒಣ ತೂಕ ಕಳೆಯಬೇಕು, ಉಳಿದದ್ದರಲ್ಲಿ ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿಲೀಟರು ರಕ್ತ. ಹೆಚ್ಚು ರಕ್ತ ಹೋದಾಗ ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ. 500 ಮಿಲಿಲೀಟರು ದಾಟಿದರೆ ಗರ್ಭಕೋಶ ಉಜ್ಜುವುದು, ಎರಡನೇ ಔಷಧ, ಹೆರಿಗೆಯಾದ ಮೂರು ತಾಸಿನೊಳಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ರಕ್ತದೊತ್ತಡ ಹೆಚ್ಚಿದ್ದವಳಿಗೆ ಗರ್ಭಕೋಶ ಬಿಗಿಮಾಡುವ ಇನ್ನೊಂದು ಔಷಧವಾದ ಎರ್ಗೊಮೆಟ್ರಿನ್ ಕೊಡಬಾರದು. ಇದಾವುದಕ್ಕೂ ನಿಲ್ಲದಿದ್ದರೆ ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶವನ್ನು ಅದುಮಿ ಹಿಡಿಯಬೇಕು, ವಿಮಾನ ಬರುವ ತನಕ ಬೇಕಾದರೂ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ನಮ್ಮ ಕಡೆ ಅದು ಬಿಸಿಲಿಗೆ ಕೆಡುತ್ತದೆ ಎಂಬ ಚಿಂತೆ, ಅಲ್ಲಿ ರನ್‌ವೇಯ ಮೇಲೆ ಅರ್ಧ ತಾಸು ಬಿಟ್ಟರೆ ಹೆಪ್ಪುಗಟ್ಟುತ್ತದೆ ಎಂಬ ಚಿಂತೆ. ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ.

ಉಸಿರಾಡದ ಕೂಸಿಗೆ ಒಂದು ನಿಮಿಷದ ಲೆಕ್ಕ. ಒರೆಸು, ಬೆನ್ನು ತಿಕ್ಕು, ಬಾಯಿ ಮೂಗು ನೋಡು. ಆಗಲೂ ಉಸಿರಿಲ್ಲವಾದರೆ ಅರವತ್ತು ಸೆಕೆಂಡಿನೊಳಗೆ ಮಾಸ್ಕ್ ಇಟ್ಟು ನಿಮಿಷಕ್ಕೆ 40ರಿಂದ 60 ಸಲ ಗಾಳಿ ಕೊಡಬೇಕು. ದಿನ ತುಂಬಿದ ಕೂಸಿಗೆ ಮೊದಲು ಮಾಮೂಲಿ ಗಾಳಿಯೇ ಸಾಕು. ಇಲ್ಲಿ ಸೋಲುವುದು ಔಷಧ ಇಲ್ಲದ್ದಕ್ಕಲ್ಲ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದೆ ಗಾಳಿ ಬದಿಯಿಂದ ಸೋರುವುದಕ್ಕೆ. ಅದಕ್ಕೇ ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ.

ದಿನ ತುಂಬದೆ ನೋವು ಬಂದರೆ ಎರಡು ಕೆಲಸ ಒಟ್ಟಿಗೆ. ವಿಮಾನಕ್ಕೆ ಕರೆ, ಜೊತೆಗೇ ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಬೀಟಾಮೆಥಾಸೋನ್ 12 ಮಿಲಿಗ್ರಾಂ, 24 ತಾಸು ಬಿಟ್ಟು ಇನ್ನೊಂದು. ಹಿಮಗಾಳಿ ಎದ್ದರೆ ವಿಮಾನ ಬರುವುದಿಲ್ಲ. ಆಗ ಅಲ್ಲಿಯೇ ಹೆರಿಗೆ. ವಿಮಾನವೊಂದನ್ನೇ ನಂಬಿದ ಊರಿನಲ್ಲಿ ಈ ರಾತ್ರಿ ಯಾರಿಗೂ ಏನೂ ತೋಚದು. ಸೂಲಗಿತ್ತಿಯರಿರುವ ಊರಿನಲ್ಲಿ ಕನಿಷ್ಠ ಎರಡು ಪಳಗಿದ ಕೈ ಇರುತ್ತವೆ. ಹತ್ತಿರದಲ್ಲೇ ಹೆರಿಗೆ ವ್ಯವಸ್ಥೆ ಇದ್ದರೆ ಅತಿ ಅಪಾಯದವರಿಗೂ ಅದರಿಂದ ಲಾಭ ಎಂಬುದನ್ನು ನೀತಿ ಬರೆದವರು ಗಮನಿಸಲೇ ಇಲ್ಲ.

ಇದನ್ನು ಓದಿ ಯಾರೂ ‘ಆಸ್ಪತ್ರೆ ಬೇಡ, ಮನೆಯಲ್ಲೇ ಹೆರಿಗೆ ಸಾಕು’ ಎಂದುಕೊಳ್ಳಬಾರದು. ಅಲ್ಲಿ ನಡೆದದ್ದು ಹಳೆಯ ಕಾಲಕ್ಕೆ ಮರಳುವುದಲ್ಲ. ತರಬೇತಿ, ಔಷಧ, ಸಮಿತಿ, ವಿಮಾನ ಎಲ್ಲ ಇಟ್ಟುಕೊಂಡೇ ಯಜಮಾನಿಕೆಯನ್ನು ಬದಲಿಸಿದ್ದು.

ಯಜಮಾನಿಕೆ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇರೆ ಕಡೆ ಬೇಕಾದಷ್ಟಿದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ 1928ರಿಂದ 1972ರವರೆಗೆ ಬಲವಂತದ ಸಂತಾನಹರಣಕ್ಕೆ ಕಾನೂನೇ ಇತ್ತು. ಅದಕ್ಕೆ ಸಿಕ್ಕವರಲ್ಲಿ ಮೂಲನಿವಾಸಿಗಳ ಪಾಲು ಅವರ ಜನಸಂಖ್ಯೆಗೆ ಮೀರಿದ್ದು. ಕಾನೂನು ಹೋದರೂ ಅಭ್ಯಾಸ ಹೋಗಲಿಲ್ಲ. ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯದ ಸಾಸ್ಕಟೂನ್‌ನ ಆಸ್ಪತ್ರೆಯಲ್ಲಿ ಹೆತ್ತ ಮೂಲನಿವಾಸಿ ಹೆಂಗಸರ ಮಾತು ಕೇಳಿ ವಕೀಲೆ ಯವಾನ್ ಬೋಯರ್ ಮತ್ತು ವೈದ್ಯೆ ಜೂಡಿತ್ ಬಾರ್ಟ್ಲೆಟ್ 2017ರಲ್ಲಿ ಕೊಟ್ಟ ವರದಿ ನೋಡಿ: ನೋವು ತಿನ್ನುತ್ತಿರುವಾಗಲೇ ಕಾಗದಕ್ಕೆ ಸಹಿ ಕೇಳಿದ್ದಾರೆ. ಆಮೇಲೆ ಬಿಚ್ಚಬಹುದಾದ ಆಪರೇಷನ್ ಎಂದೇ ಕೆಲವರು ನಂಬಿದ್ದರು. ಅಲ್ಲಿನ ಆರೋಗ್ಯ ಮಂಡಳಿ ಕ್ಷಮೆ ಕೇಳಿತು. ಸಹಿ ಇದೆ, ಒಪ್ಪಿಗೆ ಇಲ್ಲ. ಬಸಿರಿನ ತಿಂಗಳುಗಳಲ್ಲಿ, ತಾಯಿಯ ಭಾಷೆಯಲ್ಲಿ, ಒಮ್ಮೆಯಲ್ಲ ಎರಡು ಸಲ ಕೇಳಿ, ಹೆರಿಗೆ ಕೋಣೆಯಲ್ಲಿ ಹೊಸದಾಗಿ ಈ ವಿಷಯ ಎತ್ತಲೇಬಾರದು ಎಂಬಷ್ಟು ಸರಳ ನಿಯಮ ಇದನ್ನು ತಡೆಯುತ್ತಿತ್ತು.

ಇನುಯಿಟ್ ಜನರದೇ ಇನ್ನೊಂದು ನಾಡಾದ ಗ್ರೀನ್‌ಲ್ಯಾಂಡ್‌ನಲ್ಲಿ ಡೆನ್ಮಾರ್ಕ್‌ನ ವೈದ್ಯರು 1960ರ ದಶಕದ ಕೊನೆಯಲ್ಲಿ ಸುಮಾರು 4,500 ಹೆಂಗಸರು, ಹುಡುಗಿಯರಿಗೆ ಗರ್ಭನಿರೋಧಕ ಸುರುಳಿ ಹಾಕಿದರು. ಹೆರುವ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿ ಅದು. ಅವರಲ್ಲಿ ಶಾಲೆಯ ಹುಡುಗಿಯರೂ ಇದ್ದರು. ಎಷ್ಟೋ ಜನರಿಗೆ ಏನು ಹಾಕಿದರೆಂದೇ ಹೇಳಿರಲಿಲ್ಲ. ಡೆನ್ಮಾರ್ಕ್ ಪ್ರಧಾನಿ ಕ್ಷಮೆ ಕೇಳಿದ್ದು 2025ರಲ್ಲಿ. ಕ್ವಿಬೆಕ್‌ನಲ್ಲೇ 2020ರ ಸೆಪ್ಟೆಂಬರ್ 28ರಂದು ಆತಿಕಮೆಕ್ವ್ ಸಮುದಾಯದ ಜಾಯ್ಸ್ ಎಶಕ್ವಾನ್ ಎಂಬ 37 ವರ್ಷದ ತಾಯಿ ಜೋಲಿಯೆಟ್ ಆಸ್ಪತ್ರೆಯಲ್ಲಿ ಸತ್ತಳು. ಸಿಬ್ಬಂದಿ ತನ್ನನ್ನು ಹೀಯಾಳಿಸುತ್ತಿದ್ದುದನ್ನು ಅವಳೇ ಫೋನಿನಲ್ಲಿ ನೇರ ಪ್ರಸಾರ ಮಾಡಿದ್ದಳು. ಸಾವಿಗೆ ಜನಾಂಗದ್ವೇಷವೂ ಕಾರಣವೆಂದು ವಿಚಾರಣೆ ನಡೆಸಿದ ಕರೋನರ್, ಅಂದರೆ ಸಾವಿನ ತನಿಖೆ ಮಾಡುವ ಅಧಿಕಾರಿ, ಬರೆದರು. ಇಂಥ ಸುದ್ದಿ ಕೇಳಿದ ಬಸುರಿ ‘ದಕ್ಷಿಣದ ಆಸ್ಪತ್ರೆ ಸುರಕ್ಷಿತ’ ಎಂಬ ಮಾತನ್ನು ಹೇಗೆ ನಂಬಬೇಕು?

ಊಟದ ವಿಷಯ ಹೇಳದೆ ಈ ಬರಹ ಮುಗಿಯದು, ಯಾಕೆಂದರೆ ಅಲ್ಲಿ ನಾವೂ ಪಾಲುದಾರರು. ಸೀಲ್ ಮಾಂಸದಲ್ಲಿ ದನದ ಮಾಂಸಕ್ಕಿಂತ ಹಲವು ಪಟ್ಟು ಕಬ್ಬಿಣವಿದೆ. ಬೆಲೂಗಾ ತಿಮಿಂಗಿಲದ ಚರ್ಮದಲ್ಲಿ ಸಿ ಜೀವಸತ್ವವಿದೆ. ಅಂಗಡಿಯ ಊಟಕ್ಕೆ ಬಿದ್ದ ಬಸುರಿಯರಲ್ಲಿ ರಕ್ತಹೀನತೆ ಹೆಚ್ಚು. ಹಾಗಾದರೆ ‘ನಿಮ್ಮ ಊಟಕ್ಕೆ ಮರಳಿ’ ಎಂದುಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. 1980ರ ದಶಕದ ಕೊನೆಯಲ್ಲಿ ಎರಿಕ್ ದೆವಾಯಿ ಎಂಬ ವೈದ್ಯ ವಿಜ್ಞಾನಿ ಶುದ್ಧ ಎದೆಹಾಲಿನ ಮಾದರಿ ಸಿಗಲೆಂದು ನುನಾವಿಕ್ ಕಡೆ ನೋಡಿದರು. ಅಲ್ಲಿನ ತಾಯಂದಿರ ಹಾಲಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ವಿಷ ದಕ್ಷಿಣ ಕ್ವಿಬೆಕ್‌ನವರಿಗಿಂತ ಸುಮಾರು ಐದು ಪಟ್ಟು ಸಿಕ್ಕಿತು. ಒಂದೇ ಒಂದು ಕಾರ್ಖಾನೆಯಿಲ್ಲದ ನಾಡು ಅದು. ಬೆಚ್ಚಗಿನ ದೇಶಗಳಲ್ಲಿ ಆವಿಯಾದ ವಿಷ ಗಾಳಿ, ಸಮುದ್ರ ಪ್ರವಾಹಗಳ ಜೊತೆ ಹೋಗಿ ಚಳಿಯಲ್ಲಿ ಕೆಳಗಿಳಿಯುತ್ತದೆ, ಪ್ಲವಕ ಎಂಬ ನೀರಿನ ಸೂಕ್ಷ್ಮಜೀವಿಗಳಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ತಿಮಿಂಗಿಲಕ್ಕೆ ಏರುತ್ತ ದಟ್ಟವಾಗುತ್ತದೆ. ಪಾದರಸದ ದಾರಿಯೂ ಬಹುಮಟ್ಟಿಗೆ ಅದೇ. ಅದರ ದೊಡ್ಡ ಮೂಲಗಳಲ್ಲಿ ಏಷ್ಯಾದ ಕಲ್ಲಿದ್ದಲು ಉರಿಸುವ ಸ್ಥಾವರಗಳಿವೆ. ರಾಯಚೂರು, ಬಳ್ಳಾರಿಯ ಚಿಮಣಿಗಳು ಆ ಲೆಕ್ಕದ ಹೊರಗಿಲ್ಲ.

ಇಲ್ಲಿ ಸಲಹೆ ಕೊಡುವ ರೀತಿಯೇ ಔಷಧ ಅಥವಾ ವಿಷ. ‘ನಿಮ್ಮ ಆಹಾರದಲ್ಲಿ ವಿಷವಿದೆ’ ಎಂದಷ್ಟೇ ಹೇಳಿದರೆ ತಾಯಂದಿರು ಬೇಟೆಯ ಮಾಂಸ ಬಿಟ್ಟು ಚಿಪ್ಸ್, ಕೋಲಾಕ್ಕೆ ಹೋಗುತ್ತಾರೆ. ಕೆಲವರು ಎದೆಹಾಲನ್ನೇ ನಿಲ್ಲಿಸುತ್ತಾರೆ. ಆಗ ನಷ್ಟ ಇನ್ನೂ ಹೆಚ್ಚು. ಅದಕ್ಕೇ ಸಲಹೆ ನಿಖರವಾಗಿರಬೇಕು. 2011ರಲ್ಲಿ ನುನಾವಿಕ್ ಆರೋಗ್ಯ ಮಂಡಳಿ ಬಸುರಿಯರಿಗೆ, ಬಸಿರಾಗುವ ವಯಸ್ಸಿನವರಿಗೆ ಹೇಳಿದ್ದು ಬೆಲೂಗಾ ಮಾಂಸ ಕಡಿಮೆ ಮಾಡಿ ಎಂದು. ಪಾದರಸ ಕೂಡಿಕೊಳ್ಳುವುದು ಅದರ ಮಾಂಸದಲ್ಲಿ, ಚರ್ಮ ಮತ್ತು ಕೊಬ್ಬಿನಲ್ಲಿ ಅಷ್ಟಿಲ್ಲ. ಪಕ್ಕದ ಇನುಯಿಟ್ ಪ್ರದೇಶವಾದ ನುನಾವುಟ್ 2012ರಲ್ಲಿ ರಿಂಗ್ಡ್ ಸೀಲ್ ಎಂಬ ಜಾತಿಯ ಸೀಲ್‌ನ ಪಿತ್ತಜನಕಾಂಗ ಬೇಡ, ಮಾಂಸ ಧಾರಾಳವಾಗಿ ತಿನ್ನಿ ಎಂದಿತು. ಚಾರ್ ಮೀನು ಎಷ್ಟು ತಿಂದರೂ ಒಳ್ಳೆಯದು. ಎದೆಹಾಲು ಬಿಡಬೇಡಿ. ಈ ನಾಲ್ಕು ಮಾತನ್ನು ಇನುಕ್ಟಿಟುಟ್‌ನಲ್ಲಿ, ಬೇಟೆಗಾರನ ಮನೆಯ ಊಟ ಗೊತ್ತಿರುವ ಸೂಲಗಿತ್ತಿ ಹೇಳುವುದಕ್ಕೂ ದಕ್ಷಿಣದಿಂದ ಬಂದ ಕರಪತ್ರ ಹೇಳುವುದಕ್ಕೂ ಅಜಗಜಾಂತರ.

ಎಲ್ಲ ಕಡೆ ಇದು ಪುವಿರ್ನಿಟುಕ್‌ನಷ್ಟು ಬೇರೂರಲಿಲ್ಲ. ನುನಾವುಟ್‌ನ ರ್‍ಯಾಂಕಿನ್ ಇನ್ಲೆಟ್‌ನಲ್ಲಿ 1993ರಲ್ಲೇ ಹೆರಿಗೆ ಕೇಂದ್ರ ಬಂತು. ಆದರೆ ಬಹುಕಾಲ ಅದು ನಿಂತದ್ದು ದಕ್ಷಿಣದಿಂದ ಬರುವ ಸೂಲಗಿತ್ತಿಯರ ಮೇಲೆ. ಅವರು ಹೊರಟಾಗ ಕೆಲಸ ಕುಂಟಿತು. ಮೊದಲು ಕಟ್ಟಡ, ಆಮೇಲೆ ತರಬೇತಿ ಎಂದು ಹೊರಟಲ್ಲೆಲ್ಲ ಆಗುವುದು ಇದೇ. ಇನುಲಿಟ್ಸಿವಿಕ್‌ನಲ್ಲಿ ಕಲಿಯುವವರನ್ನು ಮೊದಲ ದಿನವೇ ಒಳಗೆ ಬಿಟ್ಟುಕೊಂಡರು.

ಅಲ್ಲೂ ತೊಂದರೆ ಇಲ್ಲದಿಲ್ಲ. ಉತ್ತರದಲ್ಲಿ ಮನೆಗಳ ಕೊರತೆ ತೀವ್ರ. ದಕ್ಷಿಣದಿಂದ ಬರುವ ಸಿಬ್ಬಂದಿಗೆ ಕೆಲಸದ ಜೊತೆ ಮನೆ ಸಿಗುತ್ತದೆ. ಊರಿನವಳೇ ಆದ ಸೂಲಗಿತ್ತಿ ರಾತ್ರಿ ಪಾಳಿ ಮುಗಿಸಿ ಹತ್ತು ಜನರಿರುವ ಮನೆಗೆ ಹೋಗಿ ನಿದ್ದೆ ಮಾಡಬೇಕು. ಅವಳು ಹೆರಿಗೆ ಮಾಡಿಸುವುದು ತಂಗಿಗೆ, ಸೋದರ ಸೊಸೆಗೆ, ಪಕ್ಕದ ಮನೆಯವಳಿಗೆ. ಕೂಸು ಸತ್ತರೆ ಆ ದುಃಖ ಅವಳ ಮನೆಯದೂ ಹೌದು. ಸಣ್ಣ ಹಳ್ಳಿಯಲ್ಲಿ ಒಬ್ಬಳು ಕಾಯಿಲೆ ಬಿದ್ದು ಜೊತೆಗೆ ನಿಲ್ಲಲು ಇನ್ನೊಬ್ಬಳು ಸಿಗದಿದ್ದರೆ ಆ ವಾರ ದಿನ ತುಂಬಿದ ಬಸುರಿ ವಿಮಾನ ಹತ್ತಲೇಬೇಕು. ಆದ್ದರಿಂದ ನುನಾವಿಕ್‌ನಲ್ಲಿ ಈಗ ಹಣ ಹೋಗಬೇಕಾದದ್ದು ಹೊಸ ಸ್ಕ್ಯಾನಿಂಗ್ ಯಂತ್ರಕ್ಕಿಂತ ಮೊದಲು ಸೂಲಗಿತ್ತಿಯರ ಮನೆಗಳಿಗೆ, ಕಲಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡಿಗೆ, ಇಬ್ಬರಲ್ಲಿ ಒಬ್ಬಳು ಇಲ್ಲದಾಗ ನಿಲ್ಲುವ ಮೂರನೆಯ ಸೂಲಗಿತ್ತಿಯ ಸಂಬಳಕ್ಕೆ.